ಕ್ವಾಡ್ ಬೈಕಿನಲ್ಲಿ ಊಡ್ನಡಾಟಾ ಟ್ರ್ಯಾಕ್: ವೀಲ್‌ಚೇರ್ ಬಳಸುವ ನಮ್ಮ ತಯಾರಿ

ದಕ್ಷಿಣ ಆಸ್ಟ್ರೇಲಿಯಾದ ಊಡ್ನಡಾಟಾ ಟ್ರ್ಯಾಕ್ ಮರೀ ಎಂಬ ಪುಟ್ಟ ಊರಿನಿಂದ ಮಾರ್ಲಾವರೆಗೆ ಸುಮಾರು 620 ಕಿಲೋಮೀಟರ್ ಉದ್ದದ ಮಣ್ಣುದಾರಿ. ಹಳೆಯ ಘಾನ್ ರೈಲು ಓಡುತ್ತಿದ್ದ ಜಾಡಿನ ಪಕ್ಕದಲ್ಲೇ ಬಹುದೂರ ಸಾಗುತ್ತದೆ. ನಾವು ಇದನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ: ಮರೀ, ವಿಲಿಯಂ ಕ್ರೀಕ್, ಊಡ್ನಡಾಟಾ, ಮಾರ್ಲಾ, ಹೀಗೆ ಸುಮಾರು 200 ಕಿಲೋಮೀಟರಿಗೊಮ್ಮೆ ಪೆಟ್ರೋಲು, ನೀರು, ಜನ ಸಿಗುತ್ತಾರೆ. ಸಾವಿರಕ್ಕೂ ಹೆಚ್ಚು ಮರಳು ದಿಬ್ಬಗಳಿರುವ ಸಿಂಪ್ಸನ್ ಮರುಭೂಮಿ ಮೊದಲ ಪ್ರಯಾಣಕ್ಕೆ ಬೇಡ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಹೊರಡಬೇಕು. ಮಳೆ ಬಂದರೆ ದಾರಿ ಮುಚ್ಚುತ್ತಾರೆ. ಕೈಯಲ್ಲಿ ಎರಡು ಮೂರು ದಿನ ಹೆಚ್ಚಿಗೆ ಇರಲಿ. ಕ್ವಾಡ್‌ಗಳನ್ನು, ಅಂದರೆ ದಪ್ಪ ಟಯರಿನ ನಾಲ್ಕು ಚಕ್ರದ ಬೈಕುಗಳನ್ನು, ಸಾರ್ವಜನಿಕ ದಾರಿಗೆ ಇಳಿಸಲು ರಾಜ್ಯಕ್ಕೊಂದು ನಿಯಮವಿದೆ. ನೋಂದಣಿಯ ಷರತ್ತುಗಳನ್ನು ಬರವಣಿಗೆಯಲ್ಲಿ ಪಡೆದುಕೊಂಡೇ ಹೊರಡಿ.

ಮೊದಲಿಗೆ ಯಾರಿಗೆ ಕ್ವಾಡ್ ಸರಿ ಎಂಬ ಪ್ರಶ್ನೆ. ಕ್ವಾಡ್ ತಿರುಗುವುದು ಹ್ಯಾಂಡಲಿನಿಂದ ಮಾತ್ರವಲ್ಲ, ಸವಾರ ಮೈ ವಾಲಿಸುವುದರಿಂದ ಕೂಡ. ಸೊಂಟದ ಕೆಳಗೆ ಮಾತ್ರ ಶಕ್ತಿ ಇಲ್ಲದವರು ಇದನ್ನು ನಿಭಾಯಿಸಬಹುದು. ಎದೆಯ ಮಟ್ಟದಿಂದಲೇ ಹಿಡಿತ ಇಲ್ಲದವರಿಗೆ ಸೀಟು, ಬೆಲ್ಟು, ಮೇಲೆ ಕಬ್ಬಿಣದ ಚೌಕಟ್ಟು ಇರುವ ಸೈಡ್-ಬೈ-ಸೈಡ್ ಗಾಡಿಯೇ ಸರಿ. ಈ ವಿಷಯದಲ್ಲಿ ನಾವು ರಾಜಿ ಮಾಡಿಕೊಳ್ಳುವುದಿಲ್ಲ.

ಕೊಳ್ಳುವ ಮುಂಚೆ ಬ್ರೇಕ್ ನೋಡಿ. ಹಿಂದಿನ ಬ್ರೇಕಿಗೆ ಕಾಲಿನ ಪೆಡಲ್ ಜೊತೆ ಕೈ ಲಿವರ್ ಕೂಡ ಇರಬೇಕು. ಗೇರ್ ತಾನಾಗಿಯೇ ಬದಲಾಗುವ ಬೆಲ್ಟಿನ ಮಾದರಿ ಬೇಕು, ಪವರ್ ಸ್ಟಿಯರಿಂಗ್ ಬೇಕು. ಕೆಲವು ಮಾದರಿಗಳಲ್ಲಿ ಪಾರ್ಕ್‌ನಿಂದ ಗೇರ್ ತೆಗೆಯಲು ಕಾಲಿನ ಬ್ರೇಕ್ ಒತ್ತಲೇಬೇಕು. ಅಂಗಡಿಯಲ್ಲೇ ಕೂತು ಪರೀಕ್ಷಿಸಿದರೆ ಮಾತ್ರ ಇದು ತಿಳಿಯುತ್ತದೆ. 2021ರ ಅಕ್ಟೋಬರ್‌ನಿಂದ ಆಸ್ಟ್ರೇಲಿಯಾದಲ್ಲಿ ಮಾರುವ ಸಾಮಾನ್ಯ ಬಳಕೆಯ ಹೊಸ ಕ್ವಾಡ್‌ಗಳಿಗೆ, ಮಗುಚಿದಾಗ ಸವಾರ ಅಡಿಗೆ ಸಿಕ್ಕಿಕೊಳ್ಳದಂತೆ ತಡೆಯುವ ರಕ್ಷಣಾ ಸಾಧನ ಕಡ್ಡಾಯ. ಹಳೆಯ ಬೈಕಾದರೆ ಅದನ್ನು ಹಾಕಿಸಿಕೊಳ್ಳಿ.

ಸೀಟಿಗೆ ಬೆನ್ನಿನ ಆಸರೆಯನ್ನು ಹಿಂದಿನ ರ‍್ಯಾಕಿಗೆ ಬೋಲ್ಟ್ ಮಾಡಿಸುತ್ತೇವೆ, ಎತ್ತರ ಭುಜದ ಮೂಳೆಯ ಕೆಳತುದಿಯವರೆಗೆ ಸಾಕು. ಅದಕ್ಕಿಂತ ಎತ್ತರವಾದರೆ ಪ್ರತಿ ಗುಂಡಿಗೂ ಅದು ಮೈಯನ್ನು ಮುಂದಕ್ಕೆ ದೂಡುತ್ತದೆ. ಕಾಲಿಗೆ 3 ಮಿಲಿಮೀಟರ್ ಅಲ್ಯೂಮಿನಿಯಂ ಹಾಳೆಯ ತೊಟ್ಟಿ, ಹಿಮ್ಮಡಿಯ ಹಿಂದೆ 5 ಸೆಂಟಿಮೀಟರ್ ಎತ್ತರದ ಅಂಚು. ಇಲ್ಲದಿದ್ದರೆ ಕಾಲಿನ ಸ್ನಾಯುಗಳಿಗೆ ಸೆಳೆತ ಬಂದಾಗ ಪಾದ ಜಾರಿ ಹಿಂದಿನ ಚಕ್ರಕ್ಕೆ ಸಿಗುತ್ತದೆ. ಪಾದಕ್ಕೆ ಎಳೆದರೆ ತಾನೇ ಬಿಡುವ ವೆಲ್ಕ್ರೋ ಪಟ್ಟಿ ಮಾತ್ರ. ಮೈಯನ್ನು ಬೈಕಿಗೆ ಬಿಗಿಯಬೇಡಿ. ಮಗುಚಿದರೆ ಬೈಕಿನಿಂದ ಬಿಡಿಸಿಕೊಳ್ಳಲು ಆಗುವುದಿಲ್ಲ. ಎಂಜಿನ್ ಮತ್ತು ಸೈಲೆನ್ಸರ್ ಕಡೆಯ ಮೀನಖಂಡಕ್ಕೆ ಶಾಖ ತಡೆಯುವ ಹೊದಿಕೆ ಹಾಕಿ. ಕಾಲಿನಲ್ಲಿ ಸ್ಪರ್ಶ, ನೋವು ತಿಳಿಯದ ನಮಗೆ ಸುಟ್ಟದ್ದು ಗೊತ್ತಾಗುವುದು ರಾತ್ರಿ ಪ್ಯಾಂಟು ಕಳಚಿದಾಗಲೇ.

ಇಡೀ ಪ್ರಯಾಣದ ಕಷ್ಟ ಇಲ್ಲಿದೆ. ಬೈಕು ಕೆಟ್ಟರೆ ಸದ್ದಾಗುತ್ತದೆ, ಮೈ ಕೆಟ್ಟರೆ ಸದ್ದಿಲ್ಲ. ನೋವು ಹೇಳಬೇಕಾದ್ದನ್ನು ಗಡಿಯಾರ ಮತ್ತು ಕನ್ನಡಿ ಹೇಳಬೇಕು. ಗಾಳಿ ತುಂಬಿದ ಕೋಶಗಳ ದಿಂಬು ಬೇಕು, ಆದರೆ 10 ಸೆಂಟಿಮೀಟರಿನದು ಸೀಟಿನ ಮೇಲೆ ಓಲಾಡುತ್ತದೆ. 5 ಸೆಂಟಿಮೀಟರಿನದು ಸರಿ. ಸೀಟು ಕಿರಿದಾಗಿರುವುದರಿಂದ ಅದರ ಮೇಲೆ ಅಗಲದ ತಟ್ಟೆ ಕೂರಿಸಿ ದಿಂಬನ್ನು ಕಟ್ಟುತ್ತೇವೆ. ಕೂತ ಮೇಲೆ ಕೈ ತೂರಿಸಿ ನೋಡಿ: ಕುಂಡೆಯ ಮೂಳೆಗೂ ತಟ್ಟೆಗೂ ನಡುವೆ ಒಂದೂವರೆಯಿಂದ ಎರಡು ಸೆಂಟಿಮೀಟರ್ ಉಳಿಯಬೇಕು. ಬೆಳಿಗ್ಗೆ 5 ಡಿಗ್ರಿ ಚಳಿಯಲ್ಲಿ ತುಂಬಿದ ಗಾಳಿ ಮಧ್ಯಾಹ್ನ 30 ಡಿಗ್ರಿಗೆ ಹಿಗ್ಗಿ ದಿಂಬು ಗಟ್ಟಿಯಾಗುತ್ತದೆ, ಹಾಗಾಗಿ ಊಟದ ಹೊತ್ತಿಗೆ ಮತ್ತೊಮ್ಮೆ ನೋಡಬೇಕು. ಪ್ರತಿ ಅರ್ಧ ಗಂಟೆಗೆ ಅಲಾರಂ: ನಿಲ್ಲಿಸಿ, ಹ್ಯಾಂಡಲಿನ ಮೇಲೆ ಎದೆ ಒರಗಿಸಿ ಪೂರ್ತಿ ಎರಡು ನಿಮಿಷ ಮುಂದಕ್ಕೆ ಬಾಗಿ. ಕೈಯೂರಿ ಒಂದು ಕ್ಷಣ ಮೇಲೆದ್ದು ಕೂತರೆ ಚರ್ಮಕ್ಕೆ ರಕ್ತ ಮರಳಲು ಸಮಯ ಸಾಲದು.

ಬೆಳಿಗ್ಗೆ, ರಾತ್ರಿ ಉದ್ದ ಹಿಡಿಯ ಕನ್ನಡಿಯಲ್ಲಿ ಕುಂಡೆ, ತೊಡೆಸಂದು, ಮಂಡಿಯ ಒಳಬದಿ, ಹಿಮ್ಮಡಿ ನೋಡುವುದು ಕಡ್ಡಾಯ. ಒತ್ತಡ ಬಿದ್ದ ಚರ್ಮದ ಕೆಂಪು ಅರ್ಧ ಗಂಟೆಯಲ್ಲಿ ಹೋಗದಿದ್ದರೆ ಮರುದಿನ ಸವಾರಿ ಇಲ್ಲ. ನಮ್ಮ ಮೈಬಣ್ಣದಲ್ಲಿ ಕೆಂಪು ಎದ್ದು ಕಾಣುವುದಿಲ್ಲ. ಅಕ್ಕಪಕ್ಕಕ್ಕಿಂತ ಕಪ್ಪಾಗಿ, ಬಿಸಿಯಾಗಿ, ಗಟ್ಟಿಯಾಗಿ ಇದೆಯೇ ಎಂದು ಬೆರಳಲ್ಲಿ ಮುಟ್ಟಿ ನೋಡಿ. ಕಾಲು ಹಠಾತ್ತನೆ ಊದಿ ಬಿಸಿಯಾಗಿ ಸೆಳೆತ ಜಾಸ್ತಿಯಾದರೆ ಮೂಳೆ ಮುರಿದಿದೆ ಎಂದೇ ಮೊದಲು ಅನುಮಾನಿಸಿ. ವರ್ಷಗಟ್ಟಲೆ ಭಾರ ಹೊರದ ಕಾಲಿನ ಮೂಳೆ ಟೊಳ್ಳಾಗಿರುತ್ತದೆ.

ಬೈಕ್ ಹತ್ತುವುದಕ್ಕೆ ಒಂದು ಉಪಾಯ. ವೀಲ್‌ಚೇರಿನ ಸೀಟಿಗಿಂತ ಕ್ವಾಡ್ ಸೀಟು 30-35 ಸೆಂಟಿಮೀಟರ್ ಎತ್ತರ. ಬೈಕನ್ನು ಹಳ್ಳದಲ್ಲಿ ನಿಲ್ಲಿಸಿ, ಕುರ್ಚಿಯನ್ನು ದಡದ ಮೇಲೆ ಇಟ್ಟರೆ ಅರ್ಧ ಎತ್ತರ ಅಲ್ಲೇ ಕಳೆಯುತ್ತದೆ. ಹಳ್ಳ ಸಿಗದಿದ್ದರೆ ಸಲಿಕೆಯಿಂದ ಚಕ್ರಕ್ಕೊಂದು ಗುಂಡಿ ತೋಡಿ. ಎಂಜಿನ್ ಆರಿಸಿ, ಪಾರ್ಕಿಂಗ್ ಬ್ರೇಕ್ ಹಾಕಿ, ಕೀಲಿ ತೆಗೆದ ಮೇಲೆಯೇ ಕುರ್ಚಿಯಿಂದ ಬೈಕಿಗೆ ಸರಿಯುವ ಜಾರುಹಲಗೆ ಇಡಿ. ಹೆಬ್ಬೆರಳಿನ ಥ್ರಾಟಲ್‌ಗೆ ಮೊಣಕೈ ತಗಲುವುದು ಈ ಹೊತ್ತಿನಲ್ಲೇ.

ಕುರ್ಚಿ ಯಾವಾಗಲೂ ಅವರವರ ಬೈಕಿನಲ್ಲೇ ಇರಬೇಕು, ಬೆಂಬಲದ ಜೀಪಿನಲ್ಲಲ್ಲ. ಚೌಕಟ್ಟು ಹಿಂದಿನ ರ‍್ಯಾಕಿನಲ್ಲಿ ಅಡ್ಡ ಮಲಗಲಿ, ಚಕ್ರಗಳು ಮುಂದೆ. ಹಾಗೆಯೇ ಉಪಗ್ರಹದ ಮೂಲಕ ನೆರವು ಕೇಳುವ ತುರ್ತು ಬೀಕನ್, ಕೈ ರೇಡಿಯೋ, ಎರಡು ಲೀಟರ್ ನೀರು ಮೈಮೇಲೆ ಇರಬೇಕು. ಬಿದ್ದ ಜಾಗದಿಂದ ಹತ್ತು ಮೀಟರ್ ಆಚೆ ನಿಂತ ಬೈಕಿನ ಪೆಟ್ಟಿಗೆ ನಮಗೆ ಎಟುಕುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಬೀಕನ್ ನೋಂದಣಿ ಉಚಿತ. ರೇಡಿಯೋದಲ್ಲಿ ಲಾರಿಗಳು ಮಾತಾಡುವುದು 40ನೇ ಚಾನೆಲ್‌ನಲ್ಲಿ.

ನೀರು ತಲೆಗೆ ದಿನಕ್ಕೆ 10 ಲೀಟರ್, ಅದರ ಮೇಲೆ ಎರಡು ದಿನದ ದಾಸ್ತಾನು. ಮೂತ್ರಕ್ಕೆ ನಿಲ್ಲಿಸುವುದು ತೊಂದರೆ ಎಂದು ನೀರು ಕಡಿಮೆ ಕುಡಿಯುವವರಿಗೆ ಸೋಂಕು ಹತ್ತಿರ. ಮೂತ್ರ ತೆಗೆಯುವ ಕೊಳವೆಗಳು, ಅಂದರೆ ಕ್ಯಾಥೆಟರ್‌ಗಳು, ದಿನಕ್ಕೆ ಆರರಂತೆ ಹತ್ತು ದಿನಕ್ಕೆ ಅರವತ್ತು, ಜೊತೆಗೆ ಮೂವತ್ತು ಹೆಚ್ಚಿಗೆ, ಎರಡು ಬೇರೆ ಬೇರೆ ಗಾಡಿಗಳಲ್ಲಿ, ಬಿಸಿಲು ತಾಗದಂತೆ. ಎದೆಯ ಆರನೇ ಬೆನ್ನುಮೂಳೆ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ತಲೆ ಸಿಡಿಯುವ ನೋವು, ಮುಖ ಕೆಂಪೇರುವುದು ಬಂದರೆ ರಕ್ತದೊತ್ತಡ ಏರುತ್ತಿದೆ ಎಂದರ್ಥ. ಮಲಗಿಸಬೇಡಿ. ನೆಟ್ಟಗೆ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಮೊದಲು ಮೂತ್ರಕೋಶ ಖಾಲಿ ಮಾಡಿ. ಇಂಥವರಿಗೆ ಗಾಯದ ಕೆಳಗೆ ಬೆವರುವುದೂ ಕಡಿಮೆ; ಅಂಗಿಗೆ ನೀರು ಚಿಮುಕಿಸುತ್ತಿರಬೇಕು.

ಟಯರಿನ ಗಾಳಿ 5 ಪಿಎಸ್‌ಐ ಆಸುಪಾಸು. ಕಾರಿನ ಗೇಜಿನಲ್ಲಿ ಇಷ್ಟು ಕಡಿಮೆ ಸರಿಯಾಗಿ ತೋರದು, 0-10ರ ಗೇಜ್ ಬೇಕು. ಅಲೆಅಲೆಯಾದ ದಾರಿಯಲ್ಲಿ ಗಂಟೆಗೆ 30-40 ಕಿಲೋಮೀಟರ್ ಸಾಕು. ಮೊದಲ ದಿನ ಮರೀಯಿಂದ 130 ಕಿಲೋಮೀಟರ್ ದೂರದ ಕವರ್ಡ್ ಸ್ಪ್ರಿಂಗ್ಸ್‌ನಲ್ಲಿ ಬಿಡಾರ. ಏರ್ ಫಿಲ್ಟರನ್ನು ಪ್ರತಿ ಸಂಜೆ ತೊಳೆದು ಒಣಗಿಸಿ ಎಣ್ಣೆ ಹಚ್ಚಿ. ಒಂದು ಸ್ಪೇರ್ ಇದ್ದರೆ ಕಾಯಬೇಕಾಗಿಲ್ಲ.

ಕುರ್ಚಿಗೂ ಅಷ್ಟೇ ಆರೈಕೆ ಬೇಕು. ನಮ್ಮೂರ ಬಯಲುಗಳ ನೆಗ್ಗಿಲು ಮುಳ್ಳು ಅಲ್ಲಿಯೂ ಬೆಳೆಯುತ್ತದೆ, ಟ್ಯೂಬ್ ಉಳಿಯುವುದಿಲ್ಲ. ಟ್ಯೂಬಿನ ಬದಲು ಗಟ್ಟಿ ರಬ್ಬರಿನ ಒಳಸುರುಳಿ ಹಾಕಿಸಿ. ಮುಂದಿನ ಪುಟ್ಟ ಚಕ್ರ ಮರಳಲ್ಲಿ ಹೂತುಹೋಗುವುದರಿಂದ ಪಾದದ ಹಲಗೆಗೆ ಕಚ್ಚಿಸುವ ದೊಡ್ಡ ಮೂರನೇ ಚಕ್ರ ಒಯ್ಯಿರಿ. ಮಾರ್ಲಾದಲ್ಲಿ ಡಾಂಬರು ಮುಟ್ಟಿದ ಮೇಲೂ ಒಂದು ವಾರ ಕನ್ನಡಿ ಬಿಡಬೇಡಿ: ಮಾಂಸದ ಆಳದಲ್ಲಿ ಆದ ಜಜ್ಜು ಚರ್ಮಕ್ಕೆ ಬರಲು ಎರಡು ಮೂರು ದಿನ ಹಿಡಿಯುತ್ತದೆ.