ನಾರ್ಮಲ್ ಬಂತು ಅಂತ ಮಾತ್ರೆ ಬಿಟ್ಟ ಮೇಲೆ

ಅಣ್ಣನಿಗೆ ಹಾರ್ಟ್ ಅಟ್ಯಾಕ್ ಆದಾಗ ಅವನ ವಯಸ್ಸು 49. ಬೆಳಿಗ್ಗೆ ಕಬ್ಬಿನ ಗದ್ದೆಗೆ ನೀರು ಕಟ್ಟೋಕೆ ಹೋದವನು ಎದೆಯುರಿ ಅಂತ ವಾಪಸ್ ಬಂದ. ಗ್ಯಾಸ್ ಅಂದುಕೊಂಡು ಸೋಡ ಕುಡಿಸಿ, ಜೀರಿಗೆ ಕಷಾಯ ಕೊಟ್ಟು ಮೂರು ಗಂಟೆ ಕಳೆದುಬಿಟ್ಟೆವು. ಎಡಗೈ ಸೆಳೆಯೋಕೆ ಶುರುವಾಗಿ ಮೈಯೆಲ್ಲ ಬೆವೆತಾಗ ಕಾರು ಮಾಡಿಕೊಂಡು ಮಂಡ್ಯದಿಂದ ಮೈಸೂರಿನ ಜಯದೇವ ಆಸ್ಪತ್ರೆಗೆ ಓಡಿದೆವು. ಸ್ಟೆಂಟ್ ಹಾಕಿ ಉಳಿಸಿಕೊಟ್ಟರು. ಮನೆಗೆ ಕಳಿಸುವ ದಿನ ಅಲ್ಲಿನ ಡಾಕ್ಟರು, ಒಡಹುಟ್ಟಿದವರು ಎಷ್ಟು ಜನ ಅಂತ ಕೇಳಿ, ಎಲ್ಲರೂ ಒಂದು ಸಲ ಲಿಪಿಡ್ ಪ್ರೊಫೈಲ್, ಅಂದರೆ ರಕ್ತದಲ್ಲಿ ಕೊಲೆಸ್ಟ್ರಾಲ್ ಮತ್ತು ಬೇರೆ ಕೊಬ್ಬು ಎಷ್ಟಿದೆ ಅಂತ ನೋಡುವ ಪರೀಕ್ಷೆ, ಮಾಡಿಸಿ ಅಂದರು. ತಂದೆಗೋ ಅಣ್ಣತಮ್ಮಂದಿರಿಗೋ 55ರ ಒಳಗೆ ಹೀಗಾಗಿದ್ದರೆ ಮನೆಯ ಉಳಿದವರೂ ಎಚ್ಚರವಾಗಿರಬೇಕಂತೆ.

ಒಡಹುಟ್ಟಿದವಳು ಅಂದರೆ ನಾನೊಬ್ಬಳೇ. ನನ್ನ ತೂಕ 51 ಕೆಜಿ. ರಕ್ತ ಕೊಡೋಕೆ ಹೊರಟಾಗ ಅತ್ತೆ, "ಕಡ್ಡಿ ಹಂಗಿದ್ದೀಯ, ನಿಂಗ್ಯಾವ ಕೊಬ್ಬವ್ವ?" ಅಂದರು. ನನಗೂ ಹಾಗೇ ಅನ್ನಿಸಿತ್ತು. ಸುಸ್ತಿಲ್ಲ, ಎದೆನೋವಿಲ್ಲ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರಿಲ್ಲ. ರಿಪೋರ್ಟು ಬಂದಾಗ ಟೋಟಲ್ ಕೊಲೆಸ್ಟ್ರಾಲ್ 268, ಎಚ್‌ಡಿಎಲ್ 41, ಟ್ರೈಗ್ಲಿಸರೈಡ್ 235, ಎಲ್‌ಡಿಎಲ್ 180.

ಮಂಡ್ಯದ ನಮ್ಮ ಡಾಕ್ಟರಮ್ಮ ಆ ಹಾಳೆಯನ್ನು ಓದೋದನ್ನು ಕಲಿಸಿದರು. ಅದಕ್ಕೆ ನಾನು ಅವರಿಗೆ ಯಾವತ್ತೂ ಋಣಿ. ಟೋಟಲ್ ಒಂದನ್ನೇ ನೋಡಬೇಡಿ ಅಂದರು. ಎಲ್‌ಡಿಎಲ್ ಅನ್ನೋದು ಲಿವರ್‌ನಿಂದ ಮೈಗೆಲ್ಲ ಕೊಲೆಸ್ಟ್ರಾಲ್ ಹೊತ್ತೊಯ್ಯುವ ಗಾಡಿ, ಜಾಸ್ತಿಯಾದರೆ ರಕ್ತನಾಳದ ಗೋಡೆಗೆ ಸೇರಿಕೊಳ್ಳುವುದು ಅದೇ. ಎಚ್‌ಡಿಎಲ್ ವಾಪಸ್ ತರುವ ಗಾಡಿ, ಹೆಂಗಸರಿಗೆ 50ರ ಮೇಲಿರಬೇಕು. ಟ್ರೈಗ್ಲಿಸರೈಡ್ ಬೇರೆಯದೇ ಕೊಬ್ಬು, 150ರ ಒಳಗಿರಬೇಕು. ಲೆಕ್ಕವನ್ನೂ ತೋರಿಸಿದರು: ಟೋಟಲ್‌ನಲ್ಲಿ ಎಚ್‌ಡಿಎಲ್ ಕಳೆಯಿರಿ, ಟ್ರೈಗ್ಲಿಸರೈಡನ್ನು ಐದರಿಂದ ಭಾಗಿಸಿ ಅದನ್ನೂ ಕಳೆಯಿರಿ, ಉಳಿದದ್ದು ಎಲ್‌ಡಿಎಲ್. 268ರಲ್ಲಿ 41 ಹೋಗಿ, 47 ಹೋಗಿ, 180. ಟ್ರೈಗ್ಲಿಸರೈಡ್ 400 ದಾಟಿದರೆ ಮಾತ್ರ ಈ ಲೆಕ್ಕ ನಡೆಯೋದಿಲ್ಲ. ಆವತ್ತಿನಿಂದ ಪ್ರತಿ ರಿಪೋರ್ಟಿನ ಲೆಕ್ಕವನ್ನೂ ಕ್ಯಾಲೆಂಡರಿನ ಹಿಂದುಗಡೆ ನಾನೇ ಮಾಡಿ ನೋಡುತ್ತೇನೆ.

ತೆಳ್ಳಗಿರುವ ನನಗೆ ಇದು ಯಾಕೆ ಬಂತು ಅಂತ ಕೇಳಿದೆ. ಮೈಯಲ್ಲಿರುವ ಕೊಲೆಸ್ಟ್ರಾಲಿನ ಹೆಚ್ಚು ಪಾಲು ತಟ್ಟೆಯಿಂದ ಬರುವುದಲ್ಲ, ಮೈಯೇ ಮಾಡಿಕೊಳ್ಳುವುದು, ಅದರಲ್ಲಿ ಲಿವರ್‌ದು ದೊಡ್ಡ ಕೆಲಸ ಅಂದರು. ವಂಶದ ಗುಣವೂ ಸೇರುತ್ತದೆ. ನನಗೆ 47ಕ್ಕೆ ಮುಟ್ಟು ನಿಂತಿತ್ತು, ಆಮೇಲೆ ಹೆಂಗಸರಲ್ಲಿ ಎಲ್‌ಡಿಎಲ್ ಏರುವುದುಂಟು. ಥೈರಾಯ್ಡ್ ಕಮ್ಮಿಯಿದ್ದರೂ ಏರುತ್ತದೆ ಅಂತ ಟಿಎಸ್‌ಎಚ್ ಮಾಡಿಸಿದರು, ಅದು ಸರಿಯಿತ್ತು. ಮೂರು ತಿಂಗಳು ಊಟ ತಿದ್ದಿ, ದಿನಾ ನಡೆಯಿರಿ, ಆಮೇಲೆ ಮಾತ್ರೆ ಯೋಚನೆ ಮಾಡೋಣ ಅಂತ ಕಳಿಸಿದರು.

ಅಡುಗೆಮನೆ ನನ್ನ ಕೈಯಲ್ಲೇ ಇದ್ದದ್ದು ಅನುಕೂಲವಾಯಿತು. ಮೊದಲು ಎಣ್ಣೆ ಲೆಕ್ಕ ಹಾಕಿದೆ. ನಾಲ್ಕು ಜನಕ್ಕೆ ತಿಂಗಳಿಗೆ ಐದು ಲೀಟರ್ ಖರ್ಚಾಗುತ್ತಿತ್ತು! ಬಾಣಲೆಗೆ ಕ್ಯಾನಿನಿಂದ ಸುರಿಯುವುದನ್ನು ಬಿಟ್ಟು ಚಮಚದಲ್ಲಿ ಅಳೆದು ಹಾಕೋಕೆ ಶುರುಮಾಡಿದ ಮೇಲೆ ಎರಡೂವರೆಗೆ ಇಳಿಯಿತು. ರುಚಿ ಕೆಟ್ಟಿತು ಅಂತ ಮನೆಯಲ್ಲಿ ಯಾರೂ ಹೇಳಲಿಲ್ಲ. ಅಗ್ಗಕ್ಕೆ ತರುತ್ತಿದ್ದ ಪಾಮ್ ಆಯಿಲ್ ಪಾಕೀಟಿನ ಮೇಲೆ 'ಕೊಲೆಸ್ಟ್ರಾಲ್ ಇಲ್ಲ' ಅಂತ ದೊಡ್ಡದಾಗಿ ಬರೆದಿತ್ತು. ಗಿಡಮರದಿಂದ ಬರುವ ಯಾವ ಎಣ್ಣೆಯಲ್ಲೂ ಕೊಲೆಸ್ಟ್ರಾಲ್ ಇರೋದಿಲ್ಲ, ಅದನ್ನು ಬರೆದುಕೊಂಡರೆ ಏನೂ ಹೇಳಿದ ಹಾಗಾಗಲಿಲ್ಲ. ನೋಡಬೇಕಾದದ್ದು ಸ್ಯಾಚುರೇಟೆಡ್ ಕೊಬ್ಬು, ಅಂದರೆ ತುಪ್ಪ, ಮಾಂಸದ ಕೊಬ್ಬಿನ ಹಾಗೆ ತಣ್ಣಗಾದರೆ ಗಟ್ಟಿಯಾಗುವ ಬಗೆಯದು, ಎಷ್ಟಿದೆ ಅಂತ. ಅದು ಜಾಸ್ತಿಯಾದರೆ ರಕ್ತದಲ್ಲಿರುವ ಎಲ್‌ಡಿಎಲ್ ಎಳೆದುಕೊಳ್ಳುವ ಲಿವರ್‌ನ ಶಕ್ತಿ ಕುಗ್ಗುತ್ತದೆ. ಪಾಮ್ ಎಣ್ಣೆಯಲ್ಲಿ ಅದು ಹತ್ತಿರ ಹತ್ತಿರ ಅರ್ಧ, ಕಡಲೆಕಾಯಿ ಎಣ್ಣೆಯಲ್ಲಿ ಐದನೇ ಒಂದು ಭಾಗ. ಕಡಲೆಕಾಯಿ ಎಣ್ಣೆಗೆ ಬಂದೆವು, ಕಮ್ಮಿ ಹಾಕುವುದರಿಂದ ದುಡ್ಡೂ ಹೆಚ್ಚಾಗಲಿಲ್ಲ. ಬೋಂಡ ಕರಿದು ಉಳಿದ ಎಣ್ಣೆಯನ್ನು ಡಬ್ಬಿಗೆ ಬಗ್ಗಿಸಿಟ್ಟು ಒಗ್ಗರಣೆಗೆ ಹಾಕುವುದನ್ನೂ ನಿಲ್ಲಿಸಿದೆ.

ಭಾನುವಾರದ ಮಟನ್ ಸಾರು ಬಿಡೋಕೆ ಮನೆಯವರು ಒಪ್ಪಲಿಲ್ಲ, ಬಿಡಿಸುವ ಆಸೆ ನನಗೂ ಇರಲಿಲ್ಲ. ಬನ್ನೂರು ಕುರಿ ಮಾಂಸ ಸಿಕ್ಕ ದಿನ ಹಬ್ಬ ನಮಗೆ. ಹಾಗಾಗಿ ಒಂದು ಉಪಾಯ ಮಾಡಿದೆ. ಶನಿವಾರ ರಾತ್ರಿಯೇ ಮಾಂಸವನ್ನು ಅರಿಶಿನ ಉಪ್ಪು ಹಾಕಿ ಬೇಯಿಸಿ, ಆರಿಸಿ, ಪಾತ್ರೆ ಸಮೇತ ಫ್ರಿಜ್ಜಿನಲ್ಲಿಟ್ಟೆ. ಬೆಳಿಗ್ಗೆ ಮುಚ್ಚಳ ತೆಗೆದರೆ ಬೆಂದ ನೀರಿನ ಮೇಲೆ ಬೆಳ್ಳಗೆ ಮೇಣದ ಹಾಗೆ ಕೊಬ್ಬು ಹೆಪ್ಪುಗಟ್ಟಿ ನಿಂತಿತ್ತು, ಕಿರುಬೆರಳಿನಷ್ಟು ದಪ್ಪ. ಚಮಚದ ತುದಿಯಲ್ಲಿ ಒತ್ತಿದರೆ ಬಿಲ್ಲೆಯಾಗಿ ಒಡೆದು ಬಂತು. ತೆಗೆದು ತೂಗಿದೆ, ಒಂದು ಕೆಜಿ ಮಾಂಸಕ್ಕೆ 110 ಗ್ರಾಂ. ಅತ್ತೆಯನ್ನು ಕರೆದು ತೋರಿಸಿದಾಗ ಅವರು ಅದನ್ನು ಬೆರಳಿನಿಂದ ಮುಟ್ಟಿ ನೋಡಿ, "ಇದ್ನೆಲ್ಲ ನಾವು ತಿಂತಿದ್ದೇವಾ ಇಷ್ಟು ದಿನ?" ಅಂದರು. ಅವತ್ತಿನಿಂದ ಮಾತಾಡದೆ ನನ್ನ ಜೊತೆ ನಿಂತರು. ಮಿಕ್ಕ ಸಾರಿಗೆ ಮಸಾಲೆ ಹಾಕಿ ಕುದಿಸಿದರೆ ಮುದ್ದೆಗೆ ಏನೂ ಕಮ್ಮಿಯಿಲ್ಲ.

ವಾರದ ದಿನಗಳಿಗೆ ನಮ್ಮ ಕಡೆಯ ಉಪ್ಸಾರು, ಬಸ್ಸಾರು, ಹುರುಳಿಕಟ್ಟಿನ ಸಾರು ಇದ್ದೇ ಇದ್ದವು. ಉಪ್ಸಾರಿಗೆ ಎಣ್ಣೆಯೇ ಬೇಕಿಲ್ಲ. ಕಾಳು, ಸೊಪ್ಪು, ಓಟ್ಸ್ ಇಂಥವುಗಳಲ್ಲಿ ನೀರಿನಲ್ಲಿ ಲೋಳೆಯಾಗುವ ನಾರು ಇರುತ್ತದೆ. ಅದು ಕರುಳಿನಲ್ಲಿ ಪಿತ್ತರಸವನ್ನು ಹಿಡಿದುಕೊಂಡು ಹೊರಗೆ ಹೋಗುತ್ತದೆ, ಹೊಸ ಪಿತ್ತರಸ ಮಾಡೋಕೆ ಲಿವರ್ ರಕ್ತದ ಕೊಲೆಸ್ಟ್ರಾಲನ್ನೇ ಎಳೆದುಕೊಳ್ಳಬೇಕಾಗುತ್ತದೆ. ಬೇಕರಿಯ ಪಫ್ಸು, ಬೆಣ್ಣೆ ಬಿಸ್ಕತ್ತು ಬಂದ್ ಮಾಡಿದೆ. ಇಂಥ ತಿಂಡಿಗೆ ಹಾಕುವ ವನಸ್ಪತಿಯಲ್ಲಿ, ಎಣ್ಣೆಯನ್ನು ಗಟ್ಟಿ ಮಾಡುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಎಲ್‌ಡಿಎಲ್ ಏರಿಸಿ ಎಚ್‌ಡಿಎಲ್ ಇಳಿಸುತ್ತದೆ. 2022ರಿಂದ ಅದಕ್ಕೆ ನೂರಕ್ಕೆ ಎರಡರ ಮಿತಿ ಬಂದಿದೆ, ಆದರೂ ಸ್ಯಾಚುರೇಟೆಡ್ ಕೊಬ್ಬು ಇದ್ದೇ ಇದೆ.

ಕಷ್ಟವಾಗಿದ್ದು ಬೆಲ್ಲ. ಮಂಡ್ಯದವರಿಗೆ ಬೆಲ್ಲ ಬಿಡು ಅಂದರೆ ಹೇಗೆ? ಸಕ್ಕರೆಗಿಂತ ಒಳ್ಳೇದು ಅಂತ ದಿನಕ್ಕೆ ನಾಲ್ಕು ಲೋಟ ಬೆಲ್ಲದ ಕಾಫಿ ಕುಡಿಯುತ್ತಿದ್ದೆ. ಸಿಹಿ ಜಾಸ್ತಿಯಾದರೆ ಟ್ರೈಗ್ಲಿಸರೈಡ್ ಏರುತ್ತದೆ, ಆ ವಿಷಯಕ್ಕೆ ಬಂದರೆ ಬೆಲ್ಲವೂ ಸಕ್ಕರೆಯೇ. ಎರಡು ಲೋಟಕ್ಕೆ ಇಳಿಸಿ, ಸಿಹಿ ಅರ್ಧ ಮಾಡಿದೆ. ಬೆಳಿಗ್ಗೆ ನಾಲೆ ಏರಿಯ ಮೇಲೆ ನಲವತ್ತು ನಿಮಿಷ ಬಿರಬಿರನೆ ನಡಿಗೆ.

ಮೂರು ತಿಂಗಳಿಗೆ ಟ್ರೈಗ್ಲಿಸರೈಡ್ 235ರಿಂದ 155ಕ್ಕೆ ಬಂತು. ಎಚ್‌ಡಿಎಲ್ 43. ಎಲ್‌ಡಿಎಲ್ ಮಾತ್ರ 160ರಲ್ಲಿ ನಿಂತಿತು. ಇಷ್ಟು ಮಾಡಿಯೂ ಇಷ್ಟೇನಾ ಅಂತ ಕಣ್ಣಲ್ಲಿ ನೀರು ಬಂತು. ಡಾಕ್ಟರಮ್ಮ, "ನಿಮ್ಮ ತಪ್ಪಲ್ಲಮ್ಮ, ಊಟದಿಂದ ಇಳಿಯೋದು ಇಳಿದಿದೆ, ಉಳಿದದ್ದು ಲಿವರ್‌ದು" ಅಂತ ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಗುಂಪಿನ ಮಾತ್ರೆ, ಅಟೋರ್ವಾಸ್ಟಾಟಿನ್ 10 ಎಂಜಿ ಬರೆದರು. ಎರಡು ತಿಂಗಳಿಗೆ ಎಲ್‌ಡಿಎಲ್ 99.

ನಾನು ತಪ್ಪಿದ್ದು ಇಲ್ಲೇ. ಹಾಳೆಯ ಮೇಲೆ ಎಲ್ಲ ನಾರ್ಮಲ್ ಅಂತ ನೋಡಿದ ನಮ್ಮ ಓರಗಿತ್ತಿ, "ಬುಡಕ್ಕ, ಸರಿಹೋಯ್ತಲ್ಲ, ಇನ್ಯಾಕೆ ನುಂಗ್ತೀಯ? ಲಿವರ್ ಹೊಂಟೋಯ್ತದೆ" ಅಂದಳು. ಜ್ವರದ ಮಾತ್ರೆ ಜ್ವರ ಬಿಟ್ಟ ಮೇಲೆ ನಿಲ್ಲಿಸುವ ಹಾಗೆ ನಾನೂ ನಿಲ್ಲಿಸಿದೆ. ಡಾಕ್ಟರಿಗೆ ಹೇಳಲಿಲ್ಲ. ಊಟ, ನಡಿಗೆ ಎಲ್ಲ ಹಾಗೇ ಇತ್ತು. ನಾಲ್ಕು ತಿಂಗಳ ಮೇಲೆ ಎಲ್‌ಡಿಎಲ್ 156.

ಮಗಳು ಮೈಸೂರಿನಲ್ಲಿ ಫಾರ್ಮಸಿ ಓದುತ್ತಾಳೆ. ಆವತ್ತು ರಾತ್ರಿ ಕೂರಿಸಿಕೊಂಡು ಹೇಳಿದಳು. ಲಿವರ್ ಕೊಲೆಸ್ಟ್ರಾಲ್ ಮಾಡೋಕೆ ಒಂದು ಕಿಣ್ವ ಬೇಕು, ಸ್ಟಾಟಿನ್ ಅದನ್ನು ತಡೆಹಿಡಿಯುತ್ತದೆ. ಒಳಗೆ ತಯಾರಿ ಕಮ್ಮಿಯಾದಾಗ ಲಿವರ್ ರಕ್ತದಲ್ಲಿರುವ ಎಲ್‌ಡಿಎಲ್ ಎಳೆದುಕೊಳ್ಳುತ್ತದೆ. ಮಾತ್ರೆ ನಿಂತರೆ ತಯಾರಿ ಮತ್ತೆ ಶುರು. ಜಪಾನಿನ ಅಕಿರಾ ಎಂಡೋ ಅನ್ನುವ ವಿಜ್ಞಾನಿ ಸಾವಿರಾರು ಬೂಷ್ಟುಗಳನ್ನು ಸೋಸಿ ನೋಡಿ, 1973ರಲ್ಲಿ ಅಕ್ಕಿಯ ಮೇಲೆ ಬೆಳೆದ ಒಂದು ಬೂಷ್ಟಿನಲ್ಲಿ ಇಂಥ ಮೊದಲ ಔಷಧಿ ಕಂಡುಹಿಡಿದರಂತೆ. ಲಿವರ್ ಹೊರಗಿನಿಂದ ಎಲ್‌ಡಿಎಲ್ ಎಳೆದುಕೊಳ್ಳುವ ಬಗೆಯನ್ನು ತೋರಿಸಿಕೊಟ್ಟ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. "ಅಮ್ಮ, ನಾರ್ಮಲ್ ಬಂದಿದ್ದು ಮಾತ್ರೆ ಇದ್ದದ್ದಕ್ಕೆ" ಅಂದಳು.

ಅವಳೇ ಇನ್ನೊಂದು ಮಾತು ಬಿಡಿಸಿದಳು. ನಾಲೆಯಲ್ಲಿ ಹೂಳು ತುಂಬಿದ ಹಾಗೆ ಅಂತ ನಾವೆಲ್ಲ ಹೇಳುತ್ತೇವೆ, ಅದು ಪೂರ್ತಿ ಸರಿಯಲ್ಲ. ಕೊಬ್ಬು ಕೂರುವುದು ರಕ್ತನಾಳದ ಗೋಡೆಯ ಒಳಗೆ. ಹಳೇ ಮನೆ ಗೋಡೆಗೆ ನೀರಿಳಿದು ಗಾರೆ ಉಬ್ಬುತ್ತದಲ್ಲ, ಹಾಗೆ. ಒಂದು ದಿನ ಆ ಉಬ್ಬು ಒಡೆದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಿಮಿಷಗಳಲ್ಲಿ ದಾರಿ ಮುಚ್ಚಿಬಿಡುತ್ತದೆ. ಹಿಂದಿನ ದಿನ ಗದ್ದೆ ಕೆಲಸ ಮಾಡಿದ್ದ ಅಣ್ಣ ಮಾರನೇ ಬೆಳಿಗ್ಗೆ ಕುಸಿದದ್ದು ಹೇಗೆ ಅನ್ನೋದು ನನಗೆ ಆಗ ಅರ್ಥವಾಯಿತು. ಮಿದುಳಿನ ರಕ್ತನಾಳದಲ್ಲಾದರೆ ಲಕ್ವ.

ಮಾರನೇ ದಿನವೇ ಡಾಕ್ಟರಮ್ಮನ ಹತ್ತಿರ ಹೋಗಿ ನಡೆದದ್ದನ್ನು ಹೇಳಿದೆ. ಬೈಯಲಿಲ್ಲ. ಲಿವರ್ ಭಯ ಇದ್ದರೆ ಪರೀಕ್ಷೆ ಮಾಡೋಣ, ಭಯ ಇಟ್ಟುಕೊಂಡು ಮಾತ್ರೆ ಬಿಡಬೇಡಿ ಅಂತ ಎಸ್‌ಜಿಪಿಟಿ ಬರೆದರು. ಸರಿಯಿತ್ತು. ಮತ್ತೆ ಶುರುಮಾಡಿದ ಮೂರನೇ ವಾರ ಮೀನಖಂಡ ನೋಯ್ತು. ಈ ಸಲ ನಾನೇ ತೀರ್ಮಾನ ಮಾಡದೆ ಫೋನ್ ಮಾಡಿದೆ. ಸ್ನಾಯುಗಳಿಗೆ ಪೆಟ್ಟಾಗಿದೆಯಾ ಅಂತ ನೋಡುವ ಸಿಪಿಕೆ ಪರೀಕ್ಷೆ ಮಾಡಿಸಿದರು, ನಾರ್ಮಲ್ ಬಂತು, ಹದಿನೈದು ದಿನದಲ್ಲಿ ನೋವೂ ಹೋಯಿತು. ಕೆಲವರಿಗೆ ನಿಜವಾಗಿ ಸ್ನಾಯು ನೋವು ಬರುವುದುಂಟು, ಅಂಥವರಿಗೆ ಡೋಸ್ ಅಥವಾ ಮಾತ್ರೆ ಬದಲಾಯಿಸುತ್ತಾರೆ. ಈಗ ಎರಡು ವರ್ಷವಾಯಿತು, ಎಲ್‌ಡಿಎಲ್ 95ರಿಂದ 102ರ ಒಳಗಿದೆ.

ಅಣ್ಣನ ಮಗನಿಗೆ 26 ವರ್ಷ. ಅವನನ್ನು ಪರೀಕ್ಷೆಗೆ ಕರೆದೊಯ್ಯೋಕೆ ಅತ್ತಿಗೆಯ ಹತ್ತಿರ ಎಂಟು ತಿಂಗಳು ಹಟ ಮಾಡಿದೆ. ಹೋದ ತಿಂಗಳು ರಿಪೋರ್ಟು ತಂದು ನಮ್ಮ ಅಡುಗೆಮನೆಯ ಕಟ್ಟೆಯ ಮೇಲಿಟ್ಟ. ಟೋಟಲ್ 239, ಎಚ್‌ಡಿಎಲ್ 38, ಟ್ರೈಗ್ಲಿಸರೈಡ್ 150. ಕ್ಯಾಲೆಂಡರು ಮಗುಚಿ ಪೆನ್ಸಿಲ್ ಅವನ ಕೈಗೇ ಕೊಟ್ಟೆ. ಅವನೇ ಕಳೆದು 171 ಅಂತ ಬರೆದ. ಶನಿವಾರ ಡಾಕ್ಟರಮ್ಮನ ಹತ್ತಿರ ಇಬ್ಬರೂ ಹೋಗುತ್ತಿದ್ದೇವೆ.