ಹೀಟರ್ ಕಾಯಿಲ್ ಕೊಳ್ಳುವ ಮುಂಚೆ ಈ ನಂಬರ್ ನೋಡಿ

ಚಳಿ ಶುರುವಾಯಿತು. ಬಕೆಟ್ಟಿಗೆ ಇಳಿಬಿಡುವ ಹೀಟರ್ ಕಾಯಿಲ್ ಈಗ ಎಲ್ಲಾ ಅಂಗಡಿಗಳಲ್ಲೂ ನೇತಾಡುತ್ತಿರುತ್ತದೆ. ಬೆಲೆ ಕಡಿಮೆ ಅಂತ ಸುಮ್ನೆ ತರಬೇಡಿ.

ಮೊದಲು ಐಎಸ್‌ಐ ಗುರುತು ಹುಡುಕಿ. ಗುರುತಿನ ಮೇಲೆ ಐಎಸ್ 368 ಎಂದಿರಬೇಕು, ಅದು ಈ ಕಾಯಿಲ್‌ಗಳ ಮಾನದಂಡ. ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರಬೇಕು. ಬರೀ ಗುರುತನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು, ಅಲ್ವಾ? ಅದಕ್ಕೇ ಅಂಗಡಿಯಲ್ಲೇ ನಿಂತು, ಈ ಗುರುತಿಗೆ ಲೈಸೆನ್ಸ್ ಕೊಡುವ ಸರ್ಕಾರಿ ಸಂಸ್ಥೆ ಬಿಐಎಸ್‌ನ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಆ ನಂಬರ್ ಹಾಕಿ. ಕಂಪನಿಯ ಹೆಸರು, ವಸ್ತು, ಲೈಸೆನ್ಸ್ ಚಾಲ್ತಿಯಲ್ಲಿದೆಯೋ ಇಲ್ಲವೋ ಎಲ್ಲವೂ ಬರುತ್ತದೆ. ಡಬ್ಬದ ಮೇಲಿನ ಹೆಸರಿಗೆ ತಾಳೆಯಾಗದಿದ್ದರೆ ವಾಪಸ್ ಕೊಟ್ಟುಬಿಡಿ. ನಾನು ಹಾಗೇ ಒಂದನ್ನು ವಾಪಸ್ ಕೊಟ್ಟು ಬಂದೆ. ಅಂಗಡಿಯವರಿಗೆ ಬೇಜಾರಾಯಿತು, ಆದರೆ ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ.

ಮೊಬೈಲ್ ಚಾರ್ಜರ್‌ಗಾದರೆ ಆರ್ ಅಕ್ಷರದಿಂದ ಶುರುವಾಗುವ ನಂಬರ್ ನೋಡಿ. ಅದೇ ಆ್ಯಪ್ ಸಾಕು.

ಇನ್ನೊಂದು ಮಾತು. 1500 ವ್ಯಾಟ್ ಕಾಯಿಲ್ 230 ವೋಲ್ಟ್‌ನಲ್ಲಿ ಸುಮಾರು ಆರೂವರೆ ಆಂಪ್ ಎಳೆಯುತ್ತದೆ. 6 ಆಂಪ್‌ನ ಚಿಕ್ಕ ಸಾಕೆಟ್ಟಿಗೆ ಅದು ಜಾಸ್ತಿ. 16 ಆಂಪ್‌ನ ದೊಡ್ಡ ಸಾಕೆಟ್ಟನ್ನೇ ಬಳಸಿ, ಅದರಲ್ಲಿ ಅರ್ಥಿಂಗ್ ಇರಲೇಬೇಕು. ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೆದ ಮೇಲೆಯೇ ನೀರು ಮುಟ್ಟಿ.

ಸಾಧ್ಯವಾದರೆ 30 ಮಿಲಿಆಂಪ್‌ನ ಆರ್‌ಸಿಸಿಬಿ ಎಂಬ ಸುರಕ್ಷತಾ ಸ್ವಿಚ್ ಹಾಕಿಸಿ. ಕರೆಂಟ್ ಲೀಕ್ ಆದ ತಕ್ಷಣ ಅದು ಲೈನ್ ಕಡಿಯುತ್ತದೆ. ಈಗಾಗಲೇ ಇದ್ದರೆ ಅದರ ಟೆಸ್ಟ್ ಬಟನ್ ಇವತ್ತೇ ಒಮ್ಮೆ ಒತ್ತಿ ನೋಡಿ. ಟ್ರಿಪ್ ಆಗದಿದ್ದರೆ ಎಲೆಕ್ಟ್ರಿಷಿಯನ್‌ನ ಕರೆಸಿ.