ಸಕಲೇಶಪುರದ ಮನೆಯಿಂದಲೇ ಅಧಿಕೇಂದ್ರ ಹಿಡಿದ ನನ್ನ ಅನುಭವ

2022ರ ಜೂನ್ 23ರಂದು ಬೆಳಗಿನ ಜಾವ ನಾಲ್ಕೂವರೆ ದಾಟಿದ ಹೊತ್ತಿಗೆ ಹಾಸನ ಜಿಲ್ಲೆಯ ನೆಲ ನಡುಗಿತು. ಭೂಕಂಪದ ತೀವ್ರತೆ 3.4, ಅಧಿಕೇಂದ್ರ (ಕಂಪನ ಹುಟ್ಟಿದ ಆಳದ ಜಾಗಕ್ಕೆ ನೇರ ಮೇಲೆ ನೆಲದಲ್ಲಿರುವ ಬಿಂದು) ಹೊಳೆನರಸೀಪುರ ತಾಲ್ಲೂಕಿನಲ್ಲಿ ಎಂದು ಅಧಿಕೃತ ಪ್ರಕಟಣೆ ಬಂತು. ಅದನ್ನು ಓದುವ ಮೊದಲೇ ನಮ್ಮ ಮನೆಯ ಗೋಡೆಯ ನಕ್ಷೆಯಲ್ಲಿ ನನ್ನ ಪೆನ್ಸಿಲ್ ಗುರುತು ಅದೇ ತಾಲ್ಲೂಕಿನೊಳಗೆ ಬಿದ್ದಿತ್ತು. ಮನೆಯಲ್ಲಿ ಕುಳಿತು ಅಧಿಕೇಂದ್ರ ಹಿಡಿಯುವುದು ಆಗಹೋಗದ ಮಾತು ಎಂದು ಮೂರು ವರ್ಷ ಹೇಳಿದ ಗೆಳೆಯರಿಗಾಗಿಯೂ, ನೆಲದ ಕಂಪನ ಹಿಡಿಯುವ ಜಿಯೋಫೋನ್ ಕೊಂಡು ಕಪಾಟಿನಲ್ಲಿ ಇಟ್ಟುಬಿಟ್ಟವರಿಗಾಗಿಯೂ ಇದನ್ನು ಬರೆಯುತ್ತಿದ್ದೇನೆ.

2019ರಲ್ಲಿ ಸಕಲೇಶಪುರದ ನಮ್ಮ ಮನೆ, ಅರಸೀಕೆರೆಯ ತಂಗಿಯ ಮನೆ, ಅರಕಲಗೂಡಿನ ಸ್ನೇಹಿತರೊಬ್ಬರ ಮನೆ, ಈ ಮೂರು ಕಡೆ 4.5 ಹರ್ಟ್ಸ್‌ನ ಲಂಬ ಜಿಯೋಫೋನ್, ಅಂದರೆ ನೆಲ ಮೇಲೆ ಕೆಳಗೆ ಅಲುಗುವುದನ್ನು ಹಿಡಿಯುವಂಥದ್ದು, ಗಡಿಯಾರವಿರುವ ದಾಖಲೆ ಪೆಟ್ಟಿಗೆಯ ಜೊತೆ ಇಟ್ಟೆ. ಭೂಕಂಪದಲ್ಲಿ ಎಲ್ಲಕ್ಕಿಂತ ಮೊದಲು ಬರುವ ಪಿ ಅಲೆ ಯಾವ ಪೆಟ್ಟಿಗೆಗೆ ಎಷ್ಟು ಹೊತ್ತಿಗೆ ಮುಟ್ಟಿತು ಎಂಬುದರಿಂದ ಜಾಗ ಲೆಕ್ಕ ಹಾಕುವುದು ಉದ್ದೇಶವಾಗಿತ್ತು. ಅದಕ್ಕೆ ಮೂರೂ ಗಡಿಯಾರಗಳು ಒಂದೇ ಸಮಯ ತೋರಿಸಬೇಕು. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗ, ಇಂಟರ್ನೆಟ್ ಸಿಗುವವರೆಗೆ, ಪೆಟ್ಟಿಗೆಯ ಗಡಿಯಾರ ತನ್ನದೇ ಕಾಲದಲ್ಲಿ ಓಡುತ್ತಿತ್ತು. ಪಿ ಅಲೆ ಸೆಕೆಂಡಿಗೆ ಸುಮಾರು ಆರು ಕಿಲೋಮೀಟರ್ ಹೋಗುವುದರಿಂದ, ಒಂದು ಸೆಕೆಂಡು ತಪ್ಪಿದರೆ ಆರು ಕಿಲೋಮೀಟರ್ ತಪ್ಪಿದಂತೆಯೇ. ಕಣ್ಣಿಗೆ ಕಾಣುವ ಕಲ್ಲು ಕ್ವಾರಿಯ ಸಿಡಿತವೂ ನನ್ನ ನಕ್ಷೆಯಲ್ಲಿ ಪಕ್ಕದ ತಾಲ್ಲೂಕಿಗೆ ಹೋಗಿ ಕೂರುತ್ತಿತ್ತು. ಹೀಗೆ ಎರಡು ವರ್ಷ ಹೋಯಿತು.

ಆಮೇಲೆ ದಾರಿ ಬದಲಿಸಿದೆ. ಪಿ ಬಂದ ಎಷ್ಟು ಸೆಕೆಂಡಿಗೆ ಅದರ ಹಿಂದೆ ನಿಧಾನವಾಗಿ, ನೆಲವನ್ನು ಹೆಚ್ಚಾಗಿ ಅಡ್ಡಕ್ಕೆ ಅಲುಗಿಸುತ್ತಾ ಬರುವ ಎಸ್ ಅಲೆ ಬಂತು ಎಂಬ ಅಂತರವನ್ನಷ್ಟೇ ಹಿಡಿದರೆ ಗಡಿಯಾರಗಳ ಜಗಳವೇ ಇಲ್ಲ, ಪ್ರತಿ ಪೆಟ್ಟಿಗೆಗೂ ತನ್ನ ಗಡಿಯಾರವೇ ಸಾಕು. ತೊಂದರೆ ಏನೆಂದರೆ, ಲಂಬ ಜಿಯೋಫೋನಿನಲ್ಲಿ ಎಸ್ ಅಲೆಯ ಆರಂಭ ಪಿ ಅಲೆಯ ಬಾಲದಲ್ಲಿ ಕರಗಿಹೋಗುತ್ತದೆ. ದುಡ್ಡು ಉಳಿಸಲು ಹೊರಟು ಲಂಬ ಜಿಯೋಫೋನನ್ನೇ ಅಡ್ಡ ಮಲಗಿಸಿದೆ. ಒಳಗಿನ ತೂಕ ಒಂದು ಕಡೆಗೆ ಜರುಗಿ ನಿಂತಿತು, ಕಂಪನ ದಾಖಲಾಗುವ ಗೆರೆ ನೇರವಾಗಿಯೇ ಉಳಿಯಿತು. ಕೊನೆಗೆ ಅಡ್ಡ ಚಲನೆಗೆಂದೇ ಮಾಡಿದ ಜಿಯೋಫೋನುಗಳನ್ನು ತರಿಸಬೇಕಾಯಿತು. ನೆನಪಿನಿಂದ ಹೇಳುವುದಾದರೆ ಒಂದೊಂದಕ್ಕೆ ಐದು ಸಾವಿರದ ಆಸುಪಾಸು, ಎಲ್ಲ ಸೇರಿ ಐವತ್ತು ಸಾವಿರ ದಾಟಿತು.

ಜಾಗದ ವಿಷಯದಲ್ಲೂ ಪೆಟ್ಟು ತಿಂದೆ. ಮೊದಲು ಪೆಟ್ಟಿಗೆಯನ್ನು ಸಿಮೆಂಟ್ ನೆಲದ ಮೇಲೆ ಇಟ್ಟಿದ್ದೆ. ಕಾಫಿ ಕೊಯ್ಲಿನ ಕಾಲದಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಓಡಿದರೆ ಗೆರೆಯೆಲ್ಲ ಗೀಚಿದಂತಾಗುತ್ತಿತ್ತು. ತೋಟದ ಮೇಲ್ಭಾಗದಲ್ಲಿ, ಮಣ್ಣು ತೆಗೆದು ಬಂಡೆ ಕಾಣಿಸಿದಲ್ಲಿ, ಮೊಳಕಾಲುದ್ದದ ಗುಂಡಿ ತೋಡಿ ಬಂಡೆಗೇ ಪ್ಲಾಸ್ಟರ್ ಹಾಕಿ ಕೂರಿಸಿದ ಮೇಲೆ ರಾತ್ರಿಯ ಗೆರೆ ದಾರದಂತೆ ತೆಳ್ಳಗಾಯಿತು. ಆ ಗುಂಡಿಯಿಂದ ಇನ್ನೊಂದು ಪ್ರಯೋಗವೂ ಹುಟ್ಟಿತು. ತೋಟಕ್ಕೆ ಆನೆ ನುಗ್ಗಿದ ಒಂದು ರಾತ್ರಿ ಅದರ ಹೆಜ್ಜೆಗಳು ಒಂದರ ಹಿಂದೊಂದು ಸಮ ಅಂತರದಲ್ಲಿ ದಾಖಲಾಗಿದ್ದವು. ಆನೆ ಬರುವ ಸೂಚನೆ ಕೊಡಿಸಲು ಒಂದು ತಿಂಗಳು ದುಡಿದೆ, ಆದರೆ ಹಸುವಿನ ಓಡಾಟವನ್ನೂ ಆನೆಯೆಂದೇ ಹೇಳತೊಡಗಿದ್ದರಿಂದ ಸದ್ಯಕ್ಕೆ ಬಿಟ್ಟಿದ್ದೇನೆ.

ಪಿ ಮತ್ತು ಎಸ್ ನಡುವಿನ ಸೆಕೆಂಡಿನ ಅಂತರವನ್ನು ಎಂಟರಿಂದ ಗುಣಿಸಿದರೆ ಕಂಪನ ಹುಟ್ಟಿದ ಜಾಗಕ್ಕೆ ಇರುವ ದೂರ ಕಿಲೋಮೀಟರಿನಲ್ಲಿ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ನಮ್ಮ ಕಡೆಯ ಗಟ್ಟಿ ಬಂಡೆಗೆ ಎಂಟು ಸಾಲದು. ಹನ್ನೆರಡು ಕಿಲೋಮೀಟರ್ ದೂರದ ಕ್ವಾರಿಯೊಂದರ ಸಿಡಿತಗಳನ್ನು ಒಂದು ವರ್ಷ ಬರೆದಿಟ್ಟು ನನ್ನ ಸಂಖ್ಯೆಯನ್ನು ಕಂಡುಕೊಂಡೆ. ಅದು ಎಂಟೂಕಾಲರ ಮೇಲಿದೆ ಎಂದಷ್ಟೇ ಹೇಳುತ್ತೇನೆ. ಎಸ್ ಅಲೆಯ ಮೊದಲ ತಿರುವನ್ನು ಗುರುತಿಸುವ ಫಿಲ್ಟರನ್ನೂ ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಆ ಬೆಳಗ್ಗೆ ಅರಕಲಗೂಡಿನಲ್ಲಿ ಎರಡೂವರೆ, ಸಕಲೇಶಪುರದಲ್ಲಿ ಆರು, ಅರಸೀಕೆರೆಯಲ್ಲಿ ಏಳು ಸೆಕೆಂಡಿನಷ್ಟು ಅಂತರ ಸಿಕ್ಕಿತು. ಸೆಂಟಿಮೀಟರಿಗೆ ಎರಡೂವರೆ ಕಿಲೋಮೀಟರಿನ ನಕ್ಷೆಯ ಮೇಲೆ, ಶಾಲೆಯ ಕರಿಹಲಗೆಗೆ ಬಳಸುವ ಮರದ ಕೈವಾರದಿಂದ, ಪ್ರತಿ ಪೆಟ್ಟಿಗೆಯ ಜಾಗದ ಸುತ್ತ ಅದರ ದೂರವನ್ನೇ ತ್ರಿಜ್ಯವಾಗಿ ಹಿಡಿದು, ಮೂರು ವೃತ್ತ ಎಳೆದೆ. ವೃತ್ತಗಳು ಒಂದು ಬಿಂದುವಿನಲ್ಲಿ ಕೂಡದೆ ಒಂದರ ಮೇಲೊಂದು ಹತ್ತಿ ನಿಂತವು. ಮೊದಲಾಗಿದ್ದರೆ ಅಳತೆ ಕೆಟ್ಟಿತೆಂದು ಅಳಿಸಿಬಿಡುತ್ತಿದ್ದೆ. ಆದರೆ ಬಂಡೆ ಸೀಳುವುದು ನೆಲದಾಳದ ನಾಭಿಯಲ್ಲಿ, ಅಧಿಕೇಂದ್ರವೆಂದರೆ ಅದರ ನೆತ್ತಿಯ ಮೇಲೆ ನೆಲದಲ್ಲಿರುವ ಬಿಂದು. ನನ್ನ ತ್ರಿಜ್ಯವಾದರೋ ಪೆಟ್ಟಿಗೆಯಿಂದ ನಾಭಿಗೆ ಇರುವ ಓರೆ ದೂರ. ಆದ್ದರಿಂದ ವೃತ್ತಗಳು ಹಿಗ್ಗಲೇಬೇಕು. ಎರಡೆರಡು ವೃತ್ತಗಳು ಕೂಡುವ ಜಾಗಗಳನ್ನು ಸೇರಿಸಿ ಜ್ಯಾ ಎಳೆದಾಗ ಮೂರೂ ಜ್ಯಾಗಳು ಪೆನ್ಸಿಲ್ ಮೊನೆಯಷ್ಟು ಜಾಗದಲ್ಲಿ ಒಂದನ್ನೊಂದು ಹಾಯ್ದವು. ಅಲ್ಲೇ ಗುರುತು ಹಾಕಿದೆ.

ನಾಭಿಯ ಆಳ ಮಾತ್ರ ಇನ್ನೂ ಗಟ್ಟಿಯಾಗಿಲ್ಲ. ಆ ದಿನದ ಲೆಕ್ಕದಲ್ಲಿ ಹದಿಮೂರು ಕಿಲೋಮೀಟರ್ ಬಂತು, ಆದರೆ ಅರಕಲಗೂಡಿನ ಓದಿನಲ್ಲಿ ಕಾಲು ಸೆಕೆಂಡು ಹಿಂದುಮುಂದಾದರೂ ಅದು ಮೂರ್ನಾಲ್ಕು ಕಿಲೋಮೀಟರ್ ಜರುಗುತ್ತದೆ. ಹೊಳೆನರಸೀಪುರದ ಕಡೆ ನಾಲ್ಕನೆಯ ಪೆಟ್ಟಿಗೆ ಇಡಲು ಬಂಡೆ ಇರುವ, ಬೋರ್‌ವೆಲ್ ಪಂಪು ಹತ್ತಿರವಿಲ್ಲದ ಜಾಗ ಹುಡುಕುತ್ತಿದ್ದೇನೆ.